ಹಾರ್ಡ್ ಬಾಪ್ ರೆಕಾರ್ಡುಗಳ ಮೋಹ ಎಲ್ಲಿಂದ ಬರುತ್ತದೆ?

ಸಾನಿ ಕ್ಲಾರ್ಕ್ 1963ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡ. ಆಗ ಅವನಿಗೆ 31 ವರ್ಷ. ಜಾಝ್ ಪಿಯಾನೋ ನುಡಿಸುತ್ತಿದ್ದ. ಬದುಕಿದ್ದಾಗ ಅಮೆರಿಕದಲ್ಲಿ ಅವನ ಹೆಸರು ಸಂಗೀತಗಾರರ ವಲಯ ದಾಟಿ ಆಚೆ ಅಷ್ಟಾಗಿ ಹೋಗಲಿಲ್ಲ. ಆದರೆ 1958ರ ಜನವರಿ 5ರಂದು ಧ್ವನಿಮುದ್ರಣವಾದ ಅವನ ‘ಕೂಲ್ ಸ್ಟ್ರಟಿನ್’ ಎಂಬ ರೆಕಾರ್ಡು ಜಪಾನಿನಲ್ಲಿ ದಶಕಗಳಿಂದ ಮಾರಾಟವಾಗುತ್ತಲೇ ಇದೆ. ಅದರ ಕವರಿನಲ್ಲಿ ಎದ್ದು ಕಾಣುವುದು ಫುಟ್‌ಪಾತಿನ ಮೇಲೆ ನಡೆದುಹೋಗುತ್ತಿರುವ ಒಬ್ಬ ಹೆಂಗಸಿನ ಕಾಲುಗಳು. ಜಾಝ್ ಹುಚ್ಚಿರುವ ಯಾರಿಗಾದರೂ ಆ ಚಿತ್ರ ತೋರಿಸಿ. ಯಾವ ರೆಕಾರ್ಡು ಅಂತ ತಕ್ಷಣ ಹೇಳುತ್ತಾರೆ. ಜೊತೆಗೆ ಅದರಲ್ಲಿ ಟ್ರಂಪೆಟ್ ಯಾರದು, ಬೇಸ್ ಯಾರದು, ಡ್ರಮ್ಸ್ ಯಾರದು ಅಂತಲೂ ಹೇಳುತ್ತಾರೆ. ನೀವು ಕೇಳದಿದ್ದರೂ ಹೇಳುತ್ತಾರೆ!

ಈ ಕೊನೆಯ ವಿಷಯವೇ ನನಗೆ ಮುಖ್ಯ ಅನ್ನಿಸುವುದು. ಹಾರ್ಡ್ ಬಾಪ್ ಎಂದು ಕರೆಯುವ ಈ ಬಗೆಯ ಜಾಝ್ ಸುಮಾರು 1954ರಿಂದ 1965ರವರೆಗೆ ಜೋರಾಗಿತ್ತು. ಹೆಚ್ಚೆಂದರೆ ಹನ್ನೆರಡು ವರ್ಷ. ಆಮೇಲೆ ಜಾಝ್ ಎಷ್ಟೋ ದಿಕ್ಕಿಗೆ ಹೋಯಿತು. ಆದರೂ ಕೇಳುಗರು ಮತ್ತೆ ಮತ್ತೆ ಇದೇ ರೆಕಾರ್ಡುಗಳಿಗೆ ಬರುತ್ತಾರೆ. ಸಂಗೀತ ಚೆನ್ನಾಗಿದೆ ಅಂದುಬಿಟ್ಟರೆ ಸಾಕಾಗುವುದಿಲ್ಲ. ಚೆನ್ನಾಗಿರುವ ಸಂಗೀತ ಎಲ್ಲ ಕಾಲದಲ್ಲೂ ಇದೆ. ನನಗೆ ತೋರುವ ಕಾರಣ ಬೇರೆ. ಈ ರೆಕಾರ್ಡುಗಳಲ್ಲಿ ಅದೇ ಒಂದಷ್ಟು ಜನ ತಿರುಗಿ ತಿರುಗಿ ಸಿಗುತ್ತಾರೆ. ಅದೂ ಬಹುಪಾಲು ಒಂದೇ ಕೋಣೆಯಲ್ಲಿ, ಒಂದೇ ತರಹದ ಚೌಕಟ್ಟಿನೊಳಗೆ. ಕೇಳುತ್ತಾ ಹೋದ ಹಾಗೆ ಅವರ ದನಿ ನಮಗೆ ಪರಿಚಯವಾಗಿಬಿಡುತ್ತದೆ. ಹೇಗೆ ಅಂತ ನೋಡೋಣ.

ಬೆಬಾಪ್ ಆದಮೇಲೆ

ಮೊದಲು ಸ್ವಲ್ಪ ಹಿನ್ನೆಲೆ. 1930ರ ದಶಕದಲ್ಲಿ ಜಾಝ್ ಅಂದರೆ ದೊಡ್ಡ ಬ್ಯಾಂಡು, ಎದುರಿಗೆ ಕುಣಿಯುವ ಜನ. 1940ರ ದಶಕದಲ್ಲಿ ಚಾರ್ಲಿ ಪಾರ್ಕರ್, ಡಿಜ್ಜಿ ಗಿಲೆಸ್ಪಿ ಮತ್ತು ಅವರ ಜೊತೆಯವರು ಅದನ್ನು ಪೂರ್ತಿ ಬದಲಿಸಿದರು. ನಾಲ್ಕೈದು ಜನರ ಪುಟ್ಟ ತಂಡ, ಮೈ ಜುಮ್ಮೆನ್ನುವ ವೇಗ, ತಿರುವು ಮುರುವಾದ ಮಟ್ಟುಗಳು. ಇದು ಬೆಬಾಪ್. ಕುಣಿಯಲು ಕಷ್ಟ, ಕೂತು ಕೇಳಬೇಕು. ಅದಾದ ಮೇಲೆ ಕೆಲವರು ಬಿಸಿ ತಗ್ಗಿಸಿ, ಮೆತ್ತಗೆ, ಅಳೆದು ತೂಗಿ ನುಡಿಸತೊಡಗಿದರು. ಅದಕ್ಕೆ ಕೂಲ್ ಜಾಝ್ ಅಂದರು. ಕ್ಯಾಲಿಫೋರ್ನಿಯಾದ ಕಡೆ ಅದು ಜಾಸ್ತಿ ಬೆಳೆಯಿತು.

ನ್ಯೂಯಾರ್ಕ್, ಫಿಲಡೆಲ್ಫಿಯಾ, ಡೆಟ್ರಾಯಿಟ್‌ನ ಕರಿಯ ಯುವಕರಿಗೆ ಮಾತ್ರ ಈ ತಣ್ಣನೆಯ ದಾರಿ ಅಷ್ಟು ಹಿಡಿಸಲಿಲ್ಲ. ಅವರು ಬೆಳೆದ ಬೀದಿಗಳಲ್ಲಿ ಭಾನುವಾರ ಚರ್ಚಿನ ಗಾಸ್ಪೆಲ್ ಹಾಡು ಕೇಳುತ್ತಿತ್ತು. ಶನಿವಾರ ರಾತ್ರಿ ಬಾರುಗಳಲ್ಲಿ ಕರಿಯರ ನೋವು ನಲಿವಿನ ಹಾಡಾದ ಬ್ಲೂಸ್, ಅದರ ಕುಣಿಯುವ ರೂಪವಾದ ರಿದಂ ಅಂಡ್ ಬ್ಲೂಸ್. ಅವರು ಬೆಬಾಪಿನ ಜಾಣತನವನ್ನು ಇಟ್ಟುಕೊಂಡೇ ಈ ಎರಡನ್ನೂ ಒಳಗೆ ಕರೆದುಕೊಂಡರು. ವೇಗ ಒಂದಿಷ್ಟು ಇಳಿಯಿತು, ತಾಳದ ಪೆಟ್ಟು ಗಟ್ಟಿಯಾಯಿತು, ಮಟ್ಟುಗಳು ಗುನುಗುವ ಹಾಗಾದವು. ಹಾರ್ಡ್ ಅನ್ನುವ ಹೆಸರು ಕೇಳಿ ಕರ್ಕಶ ಇರಬಹುದು ಅಂದುಕೊಳ್ಳಬೇಡಿ. ಇದರಲ್ಲಿ ತೀರಾ ಮೃದುವಾದ ರೆಕಾರ್ಡುಗಳೂ ಬೇಕಾದಷ್ಟಿವೆ.

ಶುರುವಾಗಿದ್ದು ಎಲ್ಲಿಂದ ಅಂತ ಬೆರಳಿಟ್ಟು ತೋರಿಸುವುದು ಕಷ್ಟ. ಆದರೆ 1954ರ ಫೆಬ್ರುವರಿ 21ರ ರಾತ್ರಿ ನ್ಯೂಯಾರ್ಕಿನ ಬರ್ಡ್‌ಲ್ಯಾಂಡ್ ಕ್ಲಬ್ಬಿನಲ್ಲಿ ಆದ ಧ್ವನಿಮುದ್ರಣವನ್ನು ಎಲ್ಲರೂ ನೆನೆಯುತ್ತಾರೆ. ಡ್ರಮ್ಸ್‌ನಲ್ಲಿ ಆರ್ಟ್ ಬ್ಲೇಕಿ, ಪಿಯಾನೋದಲ್ಲಿ ಹೊರೇಸ್ ಸಿಲ್ವರ್, ಟ್ರಂಪೆಟ್‌ನಲ್ಲಿ ಕ್ಲಿಫರ್ಡ್ ಬ್ರೌನ್. ಆ ರಾತ್ರಿ ಬ್ಲೇಕಿ ಮೈಕಿನಲ್ಲಿ ಒಂದು ಮಾತು ಹೇಳುತ್ತಾನೆ. ನಾನು ಹುಡುಗರ ಜೊತೆಗೇ ಇರುತ್ತೇನೆ, ಇವರಿಗೆ ವಯಸ್ಸಾದರೆ ಇನ್ನೂ ಚಿಕ್ಕವರನ್ನು ತರುತ್ತೇನೆ ಅನ್ನುವ ಅರ್ಥದ ಮಾತು. ಜನ ನಗುತ್ತಾರೆ. ಆದರೆ ಅವನು ನಿಜವಾಗಿಯೂ ಹಾಗೇ ಮಾಡಿದ. ಜಾಝ್ ಮೆಸೆಂಜರ್ಸ್ ಎಂಬ ಅವನ ತಂಡ 1990ರಲ್ಲಿ ಅವನು ಸಾಯುವವರೆಗೂ ನಡೆಯಿತು. ಲೀ ಮೋರ್ಗನ್, ವೇಯ್ನ್ ಶಾರ್ಟರ್, ಫ್ರೆಡ್ಡಿ ಹಬರ್ಡ್, ವಿಂಟನ್ ಮಾರ್ಸಾಲಿಸ್ ಎಲ್ಲರೂ ಅದರಲ್ಲಿ ಪಳಗಿ ಹೊರಬಂದವರು.

ಇನ್ನೊಂದು ಕಾರಣ ತಂತ್ರಜ್ಞಾನದ್ದು. ಹಳೆಯ 78 ವೇಗದ ತಟ್ಟೆಯಲ್ಲಿ ಒಂದು ಬದಿಗೆ ಸುಮಾರು ಮೂರು ನಿಮಿಷ ಮಾತ್ರ ಹಿಡಿಯುತ್ತಿತ್ತು. 1948ರಲ್ಲಿ ಎಲ್‌ಪಿ, ಅಂದರೆ ಹೆಚ್ಚು ಹೊತ್ತು ನುಡಿಯುವ ತಟ್ಟೆ ಬಂತು. 1950ರ ದಶಕದ ನಡುವಿಗೆ ಜಾಝ್ ಕಂಪನಿಗಳೂ ಹನ್ನೆರಡು ಇಂಚಿನ ಎಲ್‌ಪಿಗೆ ಬಂದವು. ಈಗ ಒಂದು ಬದಿಗೆ ಇಪ್ಪತ್ತು ನಿಮಿಷ. ಕ್ಲಬ್ಬಿನಲ್ಲಿ ನುಡಿಸುವಷ್ಟೇ ಉದ್ದಕ್ಕೆ ಸ್ಟುಡಿಯೋದಲ್ಲೂ ನುಡಿಸಬಹುದು. ಬೆಬಾಪ್ ಹುಟ್ಟಿದಾಗ ಪಾರ್ಕರ್‌ಗೆ ಸ್ಟುಡಿಯೋದಲ್ಲಿ ಈ ಜಾಗ ಇರಲಿಲ್ಲ. ಮೂರು ನಿಮಿಷದಲ್ಲಿ ಮುಗಿಸಬೇಕಿತ್ತು. ಹಾರ್ಡ್ ಬಾಪ್ ಹುಡುಗರಿಗೆ ಒಂದೊಂದು ಹಾಡಿಗೆ ಎಂಟು, ಹತ್ತು ನಿಮಿಷ ಸಿಕ್ಕಿತು. ಒಬ್ಬೊಬ್ಬರ ಗುಣ ತಿಳಿಯಲು ಅಷ್ಟು ಹೊತ್ತು ಬೇಕೇ ಬೇಕು ಅಲ್ವಾ?

ಚೌಕಟ್ಟು

ಮೊದಲ ಸಲ ಕೇಳುವವರಿಗೆ ಜಾಝ್ ಗೊಂದಲ ಅನ್ನಿಸುವುದು ಒಂದೇ ಕಾರಣಕ್ಕೆ. ಮಟ್ಟು ಒಂದು ನಿಮಿಷದಲ್ಲಿ ಮುಗಿದುಹೋಗುತ್ತದೆ, ಆಮೇಲೆ ಎಲ್ಲರೂ ಏನೇನೋ ನುಡಿಸುತ್ತಾರೆ, ಕೊನೆಯಲ್ಲಿ ಮಟ್ಟು ಮತ್ತೆ ಬರುತ್ತದೆ. ನಡುವೆ ಏನು ನಡೆಯಿತು ಅಂತ ಗೊತ್ತಾಗುವುದಿಲ್ಲ.

ನಡೆದದ್ದು ಇಷ್ಟು. ಆ ಮಟ್ಟಿಗೆ ಒಂದು ನಿಗದಿಯಾದ ಉದ್ದ ಇದೆ. ಬ್ಲೂಸ್ ಆದರೆ ಸಾಮಾನ್ಯವಾಗಿ 12 ಬಾರ್, ಹಾಡಿನ ರೂಪದ್ದಾದರೆ ಹೆಚ್ಚಾಗಿ 32 ಬಾರ್. ಒಂದು ಬಾರ್ ಅಂದರೆ ನಾಲ್ಕು ಎಣಿಕೆ. ಆ ಉದ್ದದ ಕೆಳಗೆ ಪಿಯಾನೋ ಮತ್ತು ಬೇಸ್ ಹಿಡಿದುಕೊಂಡು ಹೋಗುವ ಕಾರ್ಡುಗಳ ಒಂದು ಸಾಲು ಇರುತ್ತದೆ. ಕಾರ್ಡು ಅಂದರೆ ಒಟ್ಟಿಗೆ ನುಡಿಯುವ ಮೂರು ನಾಲ್ಕು ಸ್ವರಗಳು. ಮಟ್ಟು ಮುಗಿದ ಮೇಲೂ ಈ ಸಾಲು ನಿಲ್ಲುವುದಿಲ್ಲ. ಮೊದಲಿನಿಂದ ಕೊನೆಗೆ, ಮತ್ತೆ ಮೊದಲಿಗೆ ಸುತ್ತುತ್ತಲೇ ಇರುತ್ತದೆ. ಸೋಲೋ ನುಡಿಸುವವನು, ಅಂದರೆ ತನ್ನ ಸರದಿ ಬಂದಾಗ ಒಬ್ಬನೇ ಮುಂದೆ ನಿಂತು ನುಡಿಸುವವನು, ಆ ಸುತ್ತಿನ ಮೇಲೆ ಆ ಕ್ಷಣಕ್ಕೆ ಹೊಳೆದ ಹೊಸ ಮಟ್ಟು ಕಟ್ಟುತ್ತಾನೆ. ಕರ್ನಾಟಕ ಸಂಗೀತದ ಕಚೇರಿ ಕೇಳಿ ಗೊತ್ತಿದ್ದವರಿಗೆ ತಾಳದ ಆವರ್ತದೊಳಗೆ ಕಲ್ಪನಾಸ್ವರ ಹಾಕುವುದು ನೆನಪಾಗಬಹುದು. ಸುತ್ತು, ಎಣಿಕೆ, ಸರಿಯಾದ ಜಾಗಕ್ಕೆ ಬಂದು ಇಳಿಯುವ ಸುಖ, ಇಷ್ಟು ಎರಡರಲ್ಲೂ ಒಂದೇ. ಆದರೆ ಅಲ್ಲಿ ರಾಗ ಕೊನೆಯವರೆಗೂ ಅದೇ ಇರುತ್ತದೆ. ಇಲ್ಲಿ ಕಾಲ ಕೆಳಗಿನ ಕಾರ್ಡು ಒಂದೆರಡು ಬಾರ್‌ಗೊಮ್ಮೆ ಬದಲಾಗುತ್ತದೆ. ಅದಕ್ಕೆ ತಕ್ಕ ಹಾಗೆ ಸ್ವರಗಳೂ ಬದಲಾಗಬೇಕು.

ಹಾರ್ಡ್ ಬಾಪ್ ತಂಡ ಹೆಚ್ಚಾಗಿ ಐದು ಜನರದ್ದು. ಮುಂದೆ ಟ್ರಂಪೆಟ್ ಮತ್ತು ಟೆನರ್ ಸ್ಯಾಕ್ಸೊಫೋನ್. ಹಿಂದೆ ಪಿಯಾನೋ, ಡಬಲ್ ಬೇಸ್, ಡ್ರಮ್ಸ್. ಸ್ಯಾಕ್ಸೊಫೋನ್ ಅಂದರೆ ನಮಗೆ ಕದ್ರಿ ಗೋಪಾಲನಾಥ್ ಅವರ ದನಿ ಕಿವಿಯಲ್ಲಿದೆ. ಅವರದು ಆಲ್ಟೊ. ಟೆನರ್ ಅದಕ್ಕಿಂತ ದೊಡ್ಡದು, ದನಿಯೂ ಇನ್ನಷ್ಟು ದಪ್ಪ. ಟ್ರಂಪೆಟ್ಟಿನ ಚೂಪು ಮತ್ತು ಟೆನರಿನ ದಪ್ಪ ಒಟ್ಟಿಗೆ ಮಟ್ಟು ನುಡಿಸಿದಾಗ ಬರುವ ಆ ಬಣ್ಣ ಇದೆಯಲ್ಲ, ಅದೇ ಈ ಕಾಲದ ಗುರುತು. ಎರಡೇ ಎರಡು ವಾದ್ಯ ಒಂದು ದೊಡ್ಡ ಬ್ಯಾಂಡಿನ ಭ್ರಮೆ ಹುಟ್ಟಿಸುತ್ತವೆ.

‘ಮೋನಿನ್’ ಎಂಬ ಒಂಬತ್ತೂವರೆ ನಿಮಿಷ

ಒಂದು ಉದಾಹರಣೆ ತೆಗೆದುಕೊಂಡು ಪೂರ್ತಿ ಕೇಳೋಣ. 1958ರ ಅಕ್ಟೋಬರ್ 30. ಆರ್ಟ್ ಬ್ಲೇಕಿಯ ಹೊಸ ತಂಡ. ಟ್ರಂಪೆಟ್‌ಗೆ ಲೀ ಮೋರ್ಗನ್, ವಯಸ್ಸು 20. ಟೆನರ್‌ಗೆ ಬೆನ್ನಿ ಗೋಲ್ಸನ್. ಪಿಯಾನೋಗೆ ಬಾಬಿ ಟಿಮ್ಮನ್ಸ್, 22. ಬೇಸ್‌ಗೆ ಜಿಮಿ ಮೆರಿಟ್. ಬ್ಲೇಕಿ ಒಬ್ಬನನ್ನು ಬಿಟ್ಟರೆ ಉಳಿದ ನಾಲ್ವರೂ ಫಿಲಡೆಲ್ಫಿಯಾದವರು. ಅದು ಕಾಕತಾಳೀಯ ಅಲ್ಲ. ಹುಡುಗರನ್ನು ಆರಿಸಿದ್ದು ಗೋಲ್ಸನ್, ತನ್ನ ಊರಿನವರನ್ನೇ ಕರೆದುಕೊಂಡು ಬಂದ.

ಈ ಹಾಡು ಹುಟ್ಟಿದ ಕತೆಯನ್ನು ಗೋಲ್ಸನ್ ಎಷ್ಟೋ ಸಲ ಹೇಳಿದ್ದಾನೆ. ಟಿಮ್ಮನ್ಸ್ ಹಾಡು ಹಾಡುಗಳ ನಡುವೆ ಸುಮ್ನೆ ಎಂಟು ಬಾರಿನ ಒಂದು ಧಾಟಿ ನುಡಿಸುತ್ತಿದ್ದನಂತೆ. ಅದಕ್ಕೆ ನಡುವಿನ ಒಂದು ಭಾಗ ಸೇರಿಸಿ ಹಾಡು ಮಾಡು ಅಂತ ಗೋಲ್ಸನ್ ಬೆನ್ನು ಹತ್ತಿದ. ಅದರಲ್ಲೇನಿದೆ ಅಂತ ಟಿಮ್ಮನ್ಸ್‌ಗೆ ಅನುಮಾನ. ಕೊನೆಗೂ ಬರೆದ. ಹಾರ್ಡ್ ಬಾಪ್ ಅಂದ ಕೂಡಲೇ ಎಷ್ಟೋ ಜನರ ಕಿವಿಗೆ ಬರುವ ಮಟ್ಟು ಇವತ್ತಿಗೂ ಅದೇ.

ಹಾಡು ಶುರುವಾಗುವುದು ಪಿಯಾನೋದಿಂದ. ಪಿಯಾನೋ ಒಂದು ಸಾಲು ಹೇಳುತ್ತದೆ, ಉಳಿದವರು ಒಟ್ಟಾಗಿ ಎರಡು ಪೆಟ್ಟಿನ ಉತ್ತರ ಕೊಡುತ್ತಾರೆ. ಕರಿಯರ ಚರ್ಚಿನಲ್ಲಿ ಪಾದ್ರಿ ಒಂದು ಮಾತು ಹೇಳಿದರೆ ಸಭೆ ‘ಆಮೆನ್’ ಅನ್ನುತ್ತದೆ. ಈ ಉತ್ತರ ಅದೇ. ಕೇಳುತ್ತಿದ್ದರೆ ಆ ಎರಡು ಪೆಟ್ಟಿನಲ್ಲಿ ಆಮೆನ್ ಅನ್ನುವುದು ಸ್ಪಷ್ಟವಾಗಿ ಕೇಳಿಸುತ್ತದೆ. ಎರಡನೆಯ ಸಲ ಮಾತು ಹೇಳುವ ಕೆಲಸ ಟ್ರಂಪೆಟ್ ಮತ್ತು ಟೆನರ್‌ಗೆ. ಆಮೇಲೆ ನಡುವಿನ ಎಂಟು ಬಾರ್ ಬರುತ್ತದೆ, ಅಲ್ಲಿ ನಡೆ ಬದಲಾಗಿ ತಾಳ ಉರುಳತೊಡಗುತ್ತದೆ. ಮತ್ತೆ ಮೊದಲಿನ ಎಂಟು ಬಾರ್. ಒಟ್ಟು 32. ಇದೇ ಸುತ್ತು.

ಈಗ ಲೀ ಮೋರ್ಗನ್ ನುಗ್ಗುತ್ತಾನೆ. ನಿಜವಾಗಿ ನುಗ್ಗುವುದೇ. ಅವನು ಒಂದು ಸಣ್ಣ ತುಣುಕು ತೆಗೆದುಕೊಂಡು ಅದನ್ನೇ ತಿರುಗಿಸಿ, ಕಚ್ಚಿ, ಸ್ವರವನ್ನು ಅರ್ಧಕ್ಕೆ ಹಿಸುಕಿ, ಮಾತಾಡಿದ ಹಾಗೆ ನುಡಿಸುತ್ತಾನೆ. ಇಪ್ಪತ್ತು ವರ್ಷದವನ ಸೊಕ್ಕು ಅದರಲ್ಲಿ ಪೂರ್ತಿ ಇದೆ. ಎರಡು ಸುತ್ತು ಮುಗಿಸಿ ನಿಲ್ಲಿಸುತ್ತಾನೆ. ಆಗ ಗೋಲ್ಸನ್ ಏನು ಮಾಡುತ್ತಾನೆ ಕೇಳಿ. ಮೋರ್ಗನ್ ಬಿಟ್ಟುಹೋದ ಕೊನೆಯ ತುಣುಕನ್ನೇ ಎತ್ತಿಕೊಂಡು ತನ್ನ ಸೋಲೋ ಶುರು ಮಾಡುತ್ತಾನೆ. ಮುಂಚೆ ಬರೆದಿಟ್ಟದ್ದಲ್ಲ, ಆ ಕ್ಷಣದಲ್ಲಿ ಕಿವಿಗೆ ಬಿದ್ದದ್ದನ್ನು ಹಿಡಿದದ್ದು. ಒಬ್ಬರ ಮಾತು ಇನ್ನೊಬ್ಬರು ಕೇಳಿಸಿಕೊಳ್ಳುತ್ತಿದ್ದಾರೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಗೋಲ್ಸನ್ನನ ದನಿ ಒರಟು, ಉಸಿರು ತುಂಬಿದ್ದು. ಮೋರ್ಗನ್‌ಗಿಂತ ನಿಧಾನವಾಗಿ ಬಿಸಿ ಏರಿಸುತ್ತಾನೆ. ಆಮೇಲೆ ಟಿಮ್ಮನ್ಸ್ ಬಂದು ಎರಡೂ ಕೈಯಲ್ಲಿ ದಪ್ಪ ಕಾರ್ಡುಗಳನ್ನು ಕುಟ್ಟುತ್ತಾ ಚರ್ಚನ್ನು ವಾಪಸ್ ತರುತ್ತಾನೆ.

ಮೂರನೆಯದೋ ನಾಲ್ಕನೆಯದೋ ಸಲ ಕೇಳುವಾಗ ಮುಂದಿನವರನ್ನು ಬಿಟ್ಟುಬಿಡಿ. ಬ್ಲೇಕಿಯನ್ನು ಮಾತ್ರ ಕೇಳಿ. ಬಲಗೈ ಸಿಂಬಲ್ ಎಂಬ ದೊಡ್ಡ ಲೋಹದ ತಟ್ಟೆಯ ಮೇಲೆ ಓಡುತ್ತಿರುತ್ತದೆ. ಎಡಗಾಲು ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ ಹೈಹ್ಯಾಟ್ ಎಂಬ ಜೋಡಿ ಸಿಂಬಲ್ಲನ್ನು ಚಕ್ ಅಂತ ಮುಚ್ಚುತ್ತದೆ. ಇಷ್ಟು ಬದಲಾಗುವುದೇ ಇಲ್ಲ. ಉಳಿದ ಕೈಕಾಲು ಸೋಲೋದವನ ಜೊತೆ ಜಗಳ, ಹುರಿದುಂಬಿಕೆ, ಕೀಟಲೆ ಎಲ್ಲ ಮಾಡುತ್ತಿರುತ್ತದೆ. ಒಂದು ಭಾಗ ಮುಗಿದು ಇನ್ನೊಂದು ಶುರುವಾಗುವ ಸಂದಿಯಲ್ಲಿ ಅವನ ಡ್ರಮ್ ಉರುಳಿಕೆ ಸಣ್ಣಗೆ ಶುರುವಾಗಿ ದೊಡ್ಡದಾಗುತ್ತಾ ಬಂದು ಸೋಲೋದವನನ್ನು ಹಿಂದಿನಿಂದ ತಳ್ಳಿಬಿಡುತ್ತದೆ. ಅದರ ಮುಂದೆ ಸೋಮಾರಿಯಾಗಿ ನುಡಿಸುವುದು ಯಾರಿಂದಲೂ ಸಾಧ್ಯವಿಲ್ಲ. ಹಾರ್ಡ್ ಬಾಪನ್ನು ನಿಜವಾಗಿ ನಡೆಸುವವರು ಹಿಂದೆ ಕೂತ ಈ ಮೂವರು ಅನ್ನುವುದು ನನ್ನ ಅಭಿಪ್ರಾಯ. ಮುಂದಿನವರಿಗೆ ಹೆಸರು ಜಾಸ್ತಿ, ಅಷ್ಟೇ.

ಕಣ್ಣಿನ ತಜ್ಞನ ಮನೆಯ ಹಾಲ್

‘ಮೋನಿನ್’ ಧ್ವನಿಮುದ್ರಣವಾದದ್ದು ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್ ಎಂಬ ಊರಿನ ಒಂದು ಮನೆಯ ಹಾಲ್‌ನಲ್ಲಿ. ಮನೆ ರೂಡಿ ವ್ಯಾನ್ ಗೆಲ್ಡರ್‌ನ ಅಪ್ಪ ಅಮ್ಮನದು. ರೂಡಿ ಹಗಲು ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಬರೆದುಕೊಡುತ್ತಿದ್ದ. ಉಳಿದ ಹೊತ್ತಿನಲ್ಲಿ ಅಪ್ಪ ಅಮ್ಮನ ಹಾಲ್‌ನಲ್ಲಿ ಮೈಕುಗಳನ್ನು ನಿಲ್ಲಿಸಿ, ಪಕ್ಕದ ಕೋಣೆಯ ಗಾಜಿನ ಹಿಂದೆ ಕೂತು ಜಾಝ್ ಧ್ವನಿಮುದ್ರಣ ಮಾಡುತ್ತಿದ್ದ. ‘ಬ್ಲೂ ಟ್ರೇನ್’, ‘ಸ್ಯಾಕ್ಸೊಫೋನ್ ಕೊಲೋಸಸ್’, ‘ಕೂಲ್ ಸ್ಟ್ರಟಿನ್’ ಎಲ್ಲ ಅದೇ ಹಾಲ್‌ನಲ್ಲಿ ಆದವು. ಪಿಯಾನೋ ವಾದಕ ಥೆಲೋನಿಯಸ್ ಮಂಕ್ ತನ್ನ ಒಂದು ಮಟ್ಟಿಗೆ ಆ ಊರಿನ ಹೆಸರನ್ನೇ ಇಟ್ಟ. 1959ರಲ್ಲಿ ವ್ಯಾನ್ ಗೆಲ್ಡರ್ ಹತ್ತಿರದ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ಎತ್ತರದ ಮರದ ಚಾವಣಿಯ ಸ್ವಂತ ಸ್ಟುಡಿಯೋ ಕಟ್ಟಿಸಿಕೊಂಡ. ಕಣ್ಣಿನ ಕೆಲಸ ಆಮೇಲೆ ಬಿಟ್ಟ.

ಅವನ ಧ್ವನಿಮುದ್ರಣದಲ್ಲಿ ಏನು ವಿಶೇಷ? ಮೈಕು ವಾದ್ಯಕ್ಕೆ ಹತ್ತಿರ ಇಡುತ್ತಿದ್ದ. ಹಾಗಾಗಿ ಟ್ರಂಪೆಟ್, ಟೆನರ್ ನಮ್ಮ ಮುಂದೆಯೇ ನಿಂತ ಹಾಗೆ ಕೇಳುತ್ತದೆ. ಸಿಂಬಲ್ಲಿನ ಲೋಹದ ಗುಂಗು, ಡ್ರಮ್ಮಿನ ಚರ್ಮದ ಪೆಟ್ಟು ಬೇರೆ ಬೇರೆಯಾಗಿ ಗೊತ್ತಾಗುತ್ತದೆ. ಮೇಲೆ ತೆಳ್ಳಗೆ ಕೋಣೆಯ ಪ್ರತಿಧ್ವನಿ. ಗುಟ್ಟು ಬಿಟ್ಟುಕೊಡುವವನಲ್ಲ. ತನ್ನ ಉಪಕರಣ ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ. ತಾನು ಮಾತ್ರ ಕೈಗವಸು ಹಾಕಿಕೊಂಡು ಮುಟ್ಟುತ್ತಿದ್ದ.

ಎಲ್ಲರಿಗೂ ಅವನ ಕೆಲಸ ಇಷ್ಟ ಅಂತೇನಿಲ್ಲ. ಪಿಯಾನೋ ದನಿ ಡಬ್ಬಿಯೊಳಗಿಂದ ಬಂದ ಹಾಗಿರುತ್ತದೆ ಅನ್ನುವ ದೂರು ಹಳೆಯದು, ಅದರಲ್ಲಿ ನಿಜವೂ ಇದೆ. ಬೇಸ್ ವಾದಕ ಚಾರ್ಲ್ಸ್ ಮಿಂಗಸ್ ಅಂತೂ ಇವನು ಜನರ ದನಿಯನ್ನೇ ಬದಲಿಸುತ್ತಾನೆ ಅಂತ ಅವನ ಹತ್ತಿರ ಹೋಗುತ್ತಿರಲಿಲ್ಲ. ಆದರೂ ಒಂದು ಲಾಭ ಆಯಿತು. ಅದೇ ಕೋಣೆ, ಅದೇ ಮೈಕು, ಅದೇ ಕಿವಿ. ವರ್ಷಗಟ್ಟಲೆ ಸುತ್ತಲಿನದು ಬದಲಾಗದೆ ಉಳಿದಾಗ ಬದಲಾಗುವುದು ನುಡಿಸುವ ಮನುಷ್ಯ ಮಾತ್ರ. ಹಾಗಾಗಿ ಮೋರ್ಗನ್‌ಗೂ ಇನ್ನೊಬ್ಬ ಟ್ರಂಪೆಟ್ ವಾದಕ ಡೊನಾಲ್ಡ್ ಬರ್ಡ್‌ಗೂ ಏನು ವ್ಯತ್ಯಾಸ ಅನ್ನುವುದು ಈ ರೆಕಾರ್ಡುಗಳಲ್ಲಿ ಬೇಗ ಗೊತ್ತಾಗುತ್ತದೆ.

ಇನ್ನೊಂದು ಸಂಗತಿ. ತಪ್ಪಾದ ಜಾಗವನ್ನಷ್ಟೇ ಬೇರೆಯಾಗಿ ನುಡಿಸಿ ಕೂಡಿಸುವುದು ಇಲ್ಲಿ ಅಪರೂಪ. ಐದೂ ಜನ ಒಟ್ಟಿಗೆ ನಿಂತು ನುಡಿಸಿದ್ದು ನೇರ ಟೇಪಿಗೆ ಹೋಗುತ್ತಿತ್ತು. ಟ್ರಂಪೆಟ್ಟಿನ ಒಂದು ಸ್ವರ ಒಡೆದರೆ ಒಡೆದದ್ದೇ. ಸೋಲೋ ಅದ್ಭುತವಾಗಿದ್ದರೆ ಒಡೆದ ಸ್ವರದ ಸಮೇತ ಇಟ್ಟುಕೊಳ್ಳುತ್ತಿದ್ದರು.

ಬರ್ಲಿನ್ನಿನಿಂದ ಬಂದ ಇಬ್ಬರು

ಇಷ್ಟೆಲ್ಲ ರೆಕಾರ್ಡುಗಳಿಗೆ ದುಡ್ಡು ಹಾಕಿದವರು ಯಾರು? ಪ್ರೆಸ್ಟೀಜ್, ರಿವರ್‌ಸೈಡ್ ಹೀಗೆ ಹಲವು ಪುಟ್ಟ ಕಂಪನಿಗಳಿದ್ದವು. ಆದರೆ ಹಾರ್ಡ್ ಬಾಪ್ ಅಂದರೆ ಮೊದಲು ಬರುವ ಹೆಸರು ಬ್ಲೂ ನೋಟ್. ಅದನ್ನು 1939ರಲ್ಲಿ ನ್ಯೂಯಾರ್ಕಿನಲ್ಲಿ ಶುರು ಮಾಡಿದವನು ಆಲ್ಫ್ರೆಡ್ ಲಯನ್, ಬರ್ಲಿನ್ನಿನ ಯಹೂದಿ. ಅವನ ಬಾಲ್ಯದ ಗೆಳೆಯ ಫ್ರಾನ್ಸಿಸ್ ವುಲ್ಫ್ ಅದೇ ವರ್ಷ ನಾಜಿಗಳಿಂದ ತಪ್ಪಿಸಿಕೊಂಡು ಬಂದು ಸೇರಿಕೊಂಡ. ಲಯನ್ ಧ್ವನಿಮುದ್ರಣ ನೋಡಿಕೊಳ್ಳುತ್ತಿದ್ದ, ವುಲ್ಫ್ ಲೆಕ್ಕಪತ್ರ ನೋಡಿಕೊಂಡು ಜೊತೆಗೆ ಫೋಟೋ ತೆಗೆಯುತ್ತಿದ್ದ.

ಲಯನ್ ಮಾಡಿದ ಒಂದು ಕೆಲಸ ಎಲ್ಲಕ್ಕಿಂತ ದೊಡ್ಡದು. ಸ್ಟುಡಿಯೋಗೆ ಹೋಗುವ ಮುಂಚೆ ರಿಹರ್ಸಲ್ ಮಾಡಿಸುತ್ತಿದ್ದ, ಅದಕ್ಕೂ ಸಂಬಳ ಕೊಡುತ್ತಿದ್ದ. ಬ್ಲೂ ನೋಟ್‌ಗೂ ಪ್ರೆಸ್ಟೀಜ್‌ಗೂ ಇರುವ ವ್ಯತ್ಯಾಸ ಎರಡು ದಿನದ ರಿಹರ್ಸಲ್ ಅಂತ ಜಾಝ್ ಲೋಕದಲ್ಲಿ ಒಂದು ಮಾತೇ ಇದೆ. ಪ್ರೆಸ್ಟೀಜ್‌ನಲ್ಲಿ ಬಂದು, ಗೊತ್ತಿರುವ ಹಾಡು ನುಡಿಸಿ, ಹೋಗುವುದು. ಅದರಿಂದಲೂ ಒಳ್ಳೆಯ ಸಂಗೀತ ಬಂದಿಲ್ಲ ಅಂತಲ್ಲ. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ನ ತಂಡ 1956ರ ಮೇ ಮತ್ತು ಅಕ್ಟೋಬರ್‌ನ ಎರಡು ದಿನಗಳಲ್ಲಿ ನುಡಿಸಿದ್ದರಿಂದಲೇ ಪ್ರೆಸ್ಟೀಜ್ ನಾಲ್ಕು ಎಲ್‌ಪಿ ಮಾಡಿಕೊಂಡಿತು, ನಾಲ್ಕೂ ಚೆನ್ನಾಗಿವೆ! ಆದರೆ ಆ ತಂಡ ಕ್ಲಬ್ಬುಗಳಲ್ಲಿ ದಿನವೂ ಜೊತೆಗೆ ನುಡಿಸಿ ಪಳಗಿತ್ತು. ಒಂದು ದಿನಕ್ಕೆಂದು ಸೇರಿಸಿದ ತಂಡಕ್ಕೆ ಅದು ಆಗುವುದಿಲ್ಲ. ರಿಹರ್ಸಲ್ ಇದ್ದದ್ದರಿಂದ ಬ್ಲೂ ನೋಟ್ ಕಲಾವಿದರು ಹೊಸ ಮಟ್ಟುಗಳನ್ನು ಬರೆದು ತಂದರು. ಟೆನರ್ ವಾದಕ ಜಾನ್ ಕೋಲ್ಟ್ರೇನ್‌ನ ‘ಬ್ಲೂ ಟ್ರೇನ್’ 1957ರ ಸೆಪ್ಟೆಂಬರಿನಲ್ಲಿ ಆದದ್ದು. ಅದರ ಐದು ಹಾಡಿನಲ್ಲಿ ನಾಲ್ಕು ಅವನೇ ಬರೆದದ್ದು. ಮೂರು ಊದುವ ವಾದ್ಯ ಸೇರಿ ನುಡಿಸುವ ಆ ಸಾಲುಗಳು ಎಷ್ಟು ಶುದ್ಧವಾಗಿವೆ ಕೇಳಿ.

ಕವರುಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ವುಲ್ಫ್ ರಿಹರ್ಸಲ್ ಮತ್ತು ಧ್ವನಿಮುದ್ರಣದ ನಡುವೆ ತೆಗೆದ ಕಪ್ಪು ಬಿಳುಪು ಫೋಟೋಗಳನ್ನು ರೀಡ್ ಮೈಲ್ಸ್ ಎಂಬ ವಿನ್ಯಾಸಕಾರ ಧೈರ್ಯವಾಗಿ ಕತ್ತರಿಸಿ, ಒಂದೇ ಬಣ್ಣ ಬಳಿದು, ಅಕ್ಷರಗಳನ್ನೇ ಚಿತ್ರವಾಗಿಸಿ ನೂರಾರು ಕವರು ಮಾಡಿದ. ತಮಾಷೆ ಅಂದರೆ ಈ ರೀಡ್ ಮೈಲ್ಸ್‌ಗೆ ಜಾಝ್ ಅಷ್ಟು ಇಷ್ಟ ಇರಲಿಲ್ಲ. ಅವನದು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಕಿವಿ. ಗಿಟಾರ್ ವಾದಕ ಕೆನ್ನಿ ಬರೆಲ್‌ನ ಕವರುಗಳಿಗೆ ಚಿತ್ರ ಬರೆದುಕೊಟ್ಟವರಲ್ಲಿ ಆಗಿನ್ನೂ ದೊಡ್ಡ ಹೆಸರಾಗದ ಆ್ಯಂಡಿ ವಾರ್ಹೋಲ್ ಕೂಡ ಒಬ್ಬ.

ಹೆಸರು ಹಿಡಿದು ಹೋಗುವುದು

ಈಗ ಮೊದಲು ಹೇಳಿದ ಮಾತಿಗೆ ಬರುತ್ತೇನೆ. ಪಾಪ್ ಕೇಳುವವರು ಹಾಡುಗಾರನನ್ನು ಹಿಂಬಾಲಿಸುತ್ತಾರೆ. ಹಾರ್ಡ್ ಬಾಪ್ ಕೇಳುವವರು ಕವರಿನ ಹಿಂದೆ ಸಣ್ಣಕ್ಷರದಲ್ಲಿರುವ ಹೆಸರುಗಳನ್ನು ಹಿಂಬಾಲಿಸುತ್ತಾರೆ. ಬೇಸ್ ವಾದಕ ಪಾಲ್ ಚೇಂಬರ್ಸ್‌ನನ್ನು ತೆಗೆದುಕೊಳ್ಳಿ. ‘ಬ್ಲೂ ಟ್ರೇನ್’ನಲ್ಲಿ ಇದ್ದಾನೆ. ‘ಕೂಲ್ ಸ್ಟ್ರಟಿನ್’ನಲ್ಲೂ ಇದ್ದಾನೆ. ಮೈಲ್ಸ್ ಡೇವಿಸ್‌ನ ಆ ನಾಲ್ಕು ಎಲ್‌ಪಿಯಲ್ಲೂ ಅವನೇ. 1960ರಲ್ಲಿ ಹ್ಯಾಂಕ್ ಮೋಬ್ಲಿ ‘ಸೋಲ್ ಸ್ಟೇಷನ್’ ಮಾಡುವಾಗ ಮತ್ತೆ ಅವನೇ. ಇವತ್ತು ನಾಯಕನಾದವನು ನಾಳೆ ಇನ್ನೊಬ್ಬನ ರೆಕಾರ್ಡಿನಲ್ಲಿ ಪಕ್ಕವಾದ್ಯ. ಹೀಗೆ ಒಂದು ಹೆಸರು ಇನ್ನೊಂದು ರೆಕಾರ್ಡಿಗೆ, ಅಲ್ಲಿನ ಹೆಸರು ಮತ್ತೊಂದಕ್ಕೆ ಕರೆದೊಯ್ಯುತ್ತದೆ. ಚಟ ಹತ್ತುವುದು ಇಲ್ಲೇ.

ಹ್ಯಾಂಕ್ ಮೋಬ್ಲಿಯ ಹೆಸರು ಬಂತಲ್ಲ. ವಿಮರ್ಶಕ ಲೆನರ್ಡ್ ಫೆದರ್ ಅವನನ್ನು ಬಾಕ್ಸಿಂಗ್ ಭಾಷೆಯಲ್ಲಿ ಟೆನರಿನ ಮಿಡಲ್‌ವೇಟ್ ಚಾಂಪಿಯನ್ ಅಂತ ಕರೆದ. ಕೋಲ್ಟ್ರೇನ್, ಸಾನಿ ರಾಲಿನ್ಸ್‌ರಷ್ಟು ದೊಡ್ಡ ದನಿ ಅಲ್ಲ, ಸ್ಟಾನ್ ಗೆಟ್ಸ್‌ನಷ್ಟು ಹಗುರವೂ ಅಲ್ಲ, ನಡುವಿನದು ಅನ್ನುವ ಅರ್ಥದಲ್ಲಿ. ಜನ ಅದನ್ನು ಎರಡನೆಯ ದರ್ಜೆ ಅಂತ ಓದಿಕೊಂಡರು. ಬದುಕಿದ್ದಾಗ ಅವನಿಗೆ ಸಿಗಬೇಕಾದ ಗೌರವ ಸಿಗಲಿಲ್ಲ. ಇವತ್ತು ಹಾರ್ಡ್ ಬಾಪ್ ಪ್ರೀತಿಸುವವರಿಗೆ ಅವನ ಮೇಲೆ ಒಂದು ತೂಕ ಹೆಚ್ಚೇ ಮಮತೆ. ‘ಸೋಲ್ ಸ್ಟೇಷನ್’ನಲ್ಲಿ ಅವನು ಯಾರನ್ನೂ ಬೆರಗುಗೊಳಿಸಲು ಹೊರಟಿಲ್ಲ. ಒಂದು ಸಾಲಿನಿಂದ ಇನ್ನೊಂದು ಸಾಲು ತಾನಾಗಿ ಹುಟ್ಟುತ್ತದೆ. ಎಷ್ಟು ಸಲ ಕೇಳಿದರೂ ಬೇಜಾರಾಗದ ಒಂದು ರೆಕಾರ್ಡು ಹೇಳಿ ಅಂದರೆ ನಾನು ಇದನ್ನೇ ಹೇಳುವುದು.

ಈ ಪ್ರೀತಿಯಲ್ಲಿ ದುಃಖವೂ ಬೆರೆತಿದೆ. ಕ್ಲಿಫರ್ಡ್ ಬ್ರೌನ್ 1956ರ ಜೂನ್‌ನಲ್ಲಿ ಕಾರು ಅಪಘಾತದಲ್ಲಿ ಹೋದ, 25 ವರ್ಷ. ಗೋಲ್ಸನ್ ಅವನ ನೆನಪಿಗೆ ಬರೆದ ಮಟ್ಟನ್ನು ಟ್ರಂಪೆಟ್ ಕಲಿಯುವವರು ಇಂದಿಗೂ ನುಡಿಸುತ್ತಾರೆ. ಬೇಸ್ ವಾದಕ ಡಗ್ ವಾಟ್ಕಿನ್ಸ್ ಕೂಡ ಕಾರು ಅಪಘಾತದಲ್ಲೇ ಹೋದ, 27. ಪಾಲ್ ಚೇಂಬರ್ಸ್ 33ಕ್ಕೆ. ಟಿಮ್ಮನ್ಸ್ 38ಕ್ಕೆ. ಲೀ ಮೋರ್ಗನ್‌ಗೆ 1972ರ ಫೆಬ್ರುವರಿಯಲ್ಲಿ ಕ್ಲಬ್ಬಿನಲ್ಲೇ ಗುಂಡೇಟು ಬಿತ್ತು, ಅವನಿಗೂ 33. ಹೆರಾಯಿನ್ ಈ ಪೀಳಿಗೆಯ ಎಷ್ಟೋ ಜನರನ್ನು ತಿಂದುಹಾಕಿತು. ಇದನ್ನು ರಮ್ಯವಾಗಿ ಹೇಳುವವರನ್ನು ಕಂಡರೆ ನನಗಾಗುವುದಿಲ್ಲ. ಸಂಗೀತ ಚೆನ್ನಾಗಿ ಬಂದದ್ದು ಚಟದಿಂದ ಅಲ್ಲ, ಚಟ ಇದ್ದರೂ ಬಂತು.

ಜಪಾನ್, ಹಿಟ್ ಹಾಡು, ಬೀರುವಿನಲ್ಲಿ ಉಳಿದ ಟೇಪುಗಳು

ಮತ್ತೆ ಜಪಾನಿಗೆ. 1961ರ ಜನವರಿಯಲ್ಲಿ ಬ್ಲೇಕಿಯ ತಂಡ ಅಲ್ಲಿಗೆ ಹೋದಾಗ ಸಿಕ್ಕ ಸ್ವಾಗತಕ್ಕೆ ತಂಡದವರೇ ದಂಗಾದರು. ಅಲ್ಲಿ ಜಾಝ್ ಕಿಸ್ಸಾ ಅನ್ನುವ ಕಾಫಿ ಅಂಗಡಿಗಳಿದ್ದವು. ಹೊರದೇಶದ ಎಲ್‌ಪಿ ಕೊಳ್ಳುವುದು ಆಗ ವಿದ್ಯಾರ್ಥಿಗಳ ಕೈಗೆಟುಕುವ ಮಾತಲ್ಲ. ಒಂದು ಕಾಫಿ ತೆಗೆದುಕೊಂಡರೆ ಗಂಟೆಗಟ್ಟಲೆ ಕೂತು ಅಂಗಡಿಯವನ ಸಂಗ್ರಹವನ್ನು ದೊಡ್ಡ ಸ್ಪೀಕರಿನಲ್ಲಿ ಕೇಳಬಹುದಿತ್ತು. ಎಷ್ಟೋ ಅಂಗಡಿಗಳಲ್ಲಿ ಮಾತಾಡುವ ಹಾಗಿರಲಿಲ್ಲ. ಹೀಗೆ ಒಂದು ಇಡೀ ಪೀಳಿಗೆ ರೆಕಾರ್ಡನ್ನೇ ಕಚೇರಿಯಂತೆ ಕೂತು ಕೇಳಿತು. ಅಮೆರಿಕ ಮರೆತ ಸಾನಿ ಕ್ಲಾರ್ಕ್ ಅಲ್ಲಿ ಮನೆಮಾತಾದದ್ದು ಹೀಗೆ.

ಅತ್ತ ನ್ಯೂಯಾರ್ಕಿನಲ್ಲಿ ಯಶಸ್ಸೇ ತೊಂದರೆ ತಂದಿತು. ಮೋರ್ಗನ್ 1963ರ ಡಿಸೆಂಬರ್‌ನಲ್ಲಿ ‘ದಿ ಸೈಡ್‌ವೈಂಡರ್’ ಮಾಡಿದ. 24 ಬಾರಿನ ಬ್ಲೂಸ್, ಕುಣಿಯುವ ನಡೆ. ಅದು ಪಾಪ್ ಪಟ್ಟಿಗೂ ಹತ್ತಿತು, ಕಾರಿನ ಜಾಹೀರಾತಿಗೂ ಹೋಯಿತು. ಹೊರೇಸ್ ಸಿಲ್ವರ್‌ನ ‘ಸಾಂಗ್ ಫಾರ್ ಮೈ ಫಾದರ್’ ಕೂಡ ಹಾಗೇ ಗೆದ್ದಿತು. ಅದರ ಕವರಿನಲ್ಲಿ ಟೋಪಿ ಹಾಕಿ ಕೂತವನು ಕೇಪ್ ವರ್ಡಿಯಿಂದ ಬಂದ ಅವನ ಅಪ್ಪನೇ. ಎರಡು ಹಿಟ್ ಬಂದ ಮೇಲೆ ಮಾರಾಟಗಾರರಿಗೆ ಅಂಥದ್ದೇ ಬೇಕು. ಆಮೇಲಿನ ಎಷ್ಟೋ ಬ್ಲೂ ನೋಟ್ ರೆಕಾರ್ಡುಗಳ ಮೊದಲ ಹಾಡು ‘ಸೈಡ್‌ವೈಂಡರ್’ನ ನಕಲಿನ ಹಾಗಿದೆ. 1960ರ ದಶಕದ ನಡುವಿನಲ್ಲಿ ಲಯನ್ ಕಂಪನಿಯನ್ನು ಲಿಬರ್ಟಿ ಎಂಬ ಇನ್ನೊಂದು ರೆಕಾರ್ಡು ಕಂಪನಿಗೆ ಮಾರಿದ, 1967ರಲ್ಲಿ ಹೊರಬಂದ. ಅಷ್ಟರಲ್ಲಿ ಹೊಸ ಹುಡುಗರು ಕಾರ್ಡಿನ ಸುತ್ತನ್ನೇ ಬಿಟ್ಟು ನುಡಿಸತೊಡಗಿದ್ದರು, ರಾಕ್ ಸಂಗೀತ ಎಲ್ಲರ ಮಾರುಕಟ್ಟೆ ತಿಂದಿತ್ತು.

ಲಯನ್ ಬಿಡುಗಡೆ ಮಾಡಿದ್ದಕ್ಕಿಂತ ಜಾಸ್ತಿಯೇ ಧ್ವನಿಮುದ್ರಣ ಮಾಡಿಸಿದ್ದ. ಉಳಿದ ಟೇಪುಗಳು ಬೀರುವಿನಲ್ಲಿ ಕೂತಿದ್ದವು. ಟೆನರ್ ವಾದಕ ಟೀನಾ ಬ್ರೂಕ್ಸ್ ನಾಯಕನಾಗಿ ನಾಲ್ಕು ಎಲ್‌ಪಿಯಷ್ಟು ನುಡಿಸಿದ್ದ, ಅವನು ಬದುಕಿದ್ದಾಗ ಹೊರಬಂದದ್ದು 1960ರ ‘ಟ್ರೂ ಬ್ಲೂ’ ಒಂದೇ. 1974ರಲ್ಲಿ ತೀರಿಕೊಂಡ. 1970ರ ದಶಕದಲ್ಲಿ ಮೈಕಲ್ ಕಸ್ಕೂನಾ ಎಂಬ ನಿರ್ಮಾಪಕ ಆ ಬೀರು ತೆರೆಯಿಸಿ ಒಂದೊಂದೇ ಟೇಪು ಹೊರತಂದ. ಆಮೇಲೆ ಗೆಳೆಯ ಚಾರ್ಲಿ ಲೌರಿ ಜೊತೆ ಮೊಸಾಯಿಕ್ ಎಂಬ ಪುಟ್ಟ ಕಂಪನಿ ಕಟ್ಟಿ, ಬ್ರೂಕ್ಸ್‌ನ ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಕೊಟ್ಟ. ಮುಗಿದುಹೋದ ಕಾಲದಿಂದ ಹೊಸ ರೆಕಾರ್ಡುಗಳು ಬರುತ್ತಲೇ ಇದ್ದವು. ಪ್ರೀತಿ ಆರದಿರಲು ಇದೂ ಒಂದು ಕಾರಣ.

ಸಂಗ್ರಹಕಾರರ ಲೋಕ ಬೇರೆಯೇ. ಮೊದಲ ಮುದ್ರಣ ಹೌದೋ ಅಲ್ಲವೋ ಅಂತ ನೋಡಲು ಲೇಬಲ್ಲಿನ ಮೇಲಿನ ವಿಳಾಸ ಓದುತ್ತಾರೆ. ಹಾಡು ಮುಗಿದ ಮೇಲಿನ ಖಾಲಿ ಜಾಗದಲ್ಲಿ ವ್ಯಾನ್ ಗೆಲ್ಡರ್‌ನ ಗುರುತು ಹುಡುಕುತ್ತಾರೆ. ಪ್ಲಾಸ್ಟಿಲೈಟ್ ಕಾರ್ಖಾನೆ ಕೊರೆಯುತ್ತಿದ್ದ ಪುಟ್ಟ ‘ಪಿ’ ಅಕ್ಷರ ಕಿವಿಯ ಹಾಗೆ ಕಾಣುತ್ತದೆ, ಅದಿದ್ದರೆ ಬೆಲೆ ಏರಿತು. ಬ್ಲೂ ನೋಟ್‌ನ 1568 ಸಂಖ್ಯೆಯ ಮೋಬ್ಲಿ ಎಲ್‌ಪಿಯ ಮೊದಲ ಪ್ರತಿ ಸಾವಿರಾರು ಡಾಲರಿಗೆ ಹೋಗುತ್ತದೆ. ನನಗೆ ಈ ಆಟದಲ್ಲಿ ಆಸಕ್ತಿ ಕಡಿಮೆ. 2019ರಿಂದ ಬ್ಲೂ ನೋಟ್ ಮೂಲ ಟೇಪಿನಿಂದ ‘ಟೋನ್ ಪೊಯೆಟ್’ ಮಾಲೆಯಲ್ಲಿ ಹೊಸದಾಗಿ ಅಚ್ಚು ಹಾಕುತ್ತಿದೆ, ಅವು ಬಹಳ ಚೆನ್ನಾಗಿವೆ. ಫೋನಿನಲ್ಲಿ ಕೇಳಿದರೂ ಗೋಲ್ಸನ್ ಆ ತುಣುಕನ್ನು ಎತ್ತಿಕೊಳ್ಳುವುದು ಕೇಳಿಸುತ್ತದೆ.

ಆಕ್ಷೇಪಗಳೂ ಇವೆ, ಮುಚ್ಚಿಡುವುದೇಕೆ. ಮಟ್ಟು, ಸೋಲೋ, ಸೋಲೋ, ಸೋಲೋ, ಮಟ್ಟು ಅನ್ನುವ ಸೂತ್ರ ಕೆಲವೊಮ್ಮೆ ಸವೆದುಹೋಗಿದೆ. ಆ ಹನ್ನೆರಡು ವರ್ಷದಲ್ಲಿ ಸಾಧಾರಣ ರೆಕಾರ್ಡುಗಳೂ ರಾಶಿ ಬಂದಿವೆ. ಚರ್ಚಿನ ಧಾಟಿ ಫ್ಯಾಷನ್ ಆದ ಮೇಲೆ ಬಂದ ಕೆಲವು ಹಾಡುಗಳನ್ನು ಈಗ ಕೇಳುವುದು ಕಷ್ಟ. ಕೇಳುಗರ ಮೆಚ್ಚುಗೆ ಒಂದೇ ಕಂಪನಿಯ ಸುತ್ತ ಸುತ್ತುವುದೂ ಸರಿಯಲ್ಲ. ಸಾನಿ ರಾಲಿನ್ಸ್‌ನ ‘ಸ್ಯಾಕ್ಸೊಫೋನ್ ಕೊಲೋಸಸ್’ ಪ್ರೆಸ್ಟೀಜ್‌ನದು, 1956ರದ್ದು. ಅದರಲ್ಲಿ ಟ್ರಂಪೆಟ್ಟೇ ಇಲ್ಲ. ಆದರೂ ಈ ಕಾಲದ ಅತಿ ಒಳ್ಳೆಯ ಎರಡು ಮೂರರಲ್ಲಿ ಅದು ಒಂದು.

ಹೊಸಬರು ಎಲ್ಲಿಂದ ಶುರು ಮಾಡಬೇಕು? ‘ಮೋನಿನ್’ ಮೊದಲು. ಒಂದೇ ಹಾಡನ್ನು ಒಂದು ವಾರ ಕೇಳಿ, ಪ್ರತಿ ಸಲ ಬೇರೆ ಬೇರೆ ವಾದ್ಯಕ್ಕೆ ಕಿವಿ ಕೊಡಿ. ಆಮೇಲೆ ‘ಬ್ಲೂ ಟ್ರೇನ್’. ಅಲ್ಲಿ ಟ್ರಂಪೆಟ್ ಬಂದಾಗ ಹೆಸರು ನೋಡದೆ ಕೇಳಿ. ಲೀ ಮೋರ್ಗನ್ನನೇ, ಒಂದು ವರ್ಷ ಚಿಕ್ಕವನು. ಗುರುತು ಸಿಕ್ಕಿದರೆ ‘ಸೈಡ್‌ವೈಂಡರ್’ಗೆ ಹೋಗಿ. ಸಿಗದಿದ್ದರೆ ಮೋರ್ಗನ್ನನನ್ನು ಬಿಟ್ಟು ಪಾಲ್ ಚೇಂಬರ್ಸ್‌ನ ಬೆನ್ನು ಹತ್ತಿ. ಅವನು ಹೇಗೂ ಎಲ್ಲ ಕಡೆ ಇದ್ದಾನೆ.